ಗುಣ ಮೊದಲೋ, ಹೆಸರು ಮೊದಲೋ? ವೀರಗಲ್ಲನ್ನೂ ಗ್ರೀಕ್ ಸೇನಾನಿಗಳನ್ನೂ ಜೊತೆಗಿಟ್ಟು ಒಂದು ಇತಿಹಾಸ ಪಾಠ

ವಿಷಯ: ಸಮಾಜ ವಿಜ್ಞಾನ (ಇತಿಹಾಸ)
ತರಗತಿ: 8
ಅವಧಿ: 40 ನಿಮಿಷಗಳ ಎರಡು ಅವಧಿಗಳು
ಬೋಧನಾ ವಿಧಾನ: ಆಧಾರ ವಿಶ್ಲೇಷಣೆ, ಗುಂಪು ಚರ್ಚೆ
ಅಭ್ಯಾಸ ಬೋಧನಾ ಕ್ಷೇತ್ರ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ಪ್ರೌಢಶಾಲೆಗಳು

ಪೀಠಿಕೆ

ಗ್ರೀಕ್ ನಾಗರಿಕತೆಯ ಪಾಠ ಬಂದಾಗ ಪ್ರಶಿಕ್ಷಣಾರ್ಥಿಗಳ ಪಾಠ ಯೋಜನೆಗಳು ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿರುತ್ತವೆ. ಭೂಪಟ, ಅಥೆನ್ಸ್, ಸ್ಪಾರ್ಟಾ, ಪೆರಿಕ್ಲಿಸ್, ಅಲೆಕ್ಸಾಂಡರ್, ಕೊನೆಗೆ ಬಿಟ್ಟ ಸ್ಥಳ ತುಂಬಿರಿ. ಸ್ಪಾರ್ಟಾದವರು ಶೂರರು, ಅಥೆನ್ಸಿನವರು ಜ್ಞಾನಿಗಳು ಎಂಬ ಎರಡು ವಾಕ್ಯಗಳು ಕಪ್ಪುಹಲಗೆಯ ಮೇಲೆ ಉಳಿಯುತ್ತವೆ. ಆಧಾರಗಳ ಪಾಠದಲ್ಲಿ ವೀರಗಲ್ಲಿನ ಚಿತ್ರವೊಂದನ್ನು ತೋರಿಸಿ, ಇದು ವೀರನ ನೆನಪಿಗೆ ನಿಲ್ಲಿಸಿದ ಕಲ್ಲು ಎಂದು ಹೇಳಿ ಮುಂದೆ ಸಾಗುವುದೂ ಹೀಗೆಯೇ.

ಈ ಎರಡೂ ಪಾಠಗಳ ಒಳಗೆ ಒಂದೇ ಪ್ರಶ್ನೆ ಅಡಗಿದೆ. ಸೈನ್ಯವನ್ನು ನಡೆಸಿದವನಿಗೆ ಹೆಸರು ಬಂದದ್ದು ಅವನ ಗುಣದಿಂದಲೋ, ಅವನ ಬಗ್ಗೆ ಬರೆದವರಿಂದಲೋ? ಹೆಸರಿಗಾಗಿ ಗುಣವನ್ನು ಬಿಟ್ಟರೆ ಏನಾಗುತ್ತದೆ? ಗುಣವಿದ್ದೂ ಹೆಸರು ಬಾರದಿದ್ದರೆ? ಹದಿಮೂರು ಹದಿನಾಲ್ಕು ವರ್ಷದ ಮಕ್ಕಳಿಗೆ ಇದು ದೂರದ ಪ್ರಶ್ನೆಯಲ್ಲ. 'ಮನೆತನದ ಹೆಸರು ಕೆಡಿಸಬೇಡ' ಎಂಬ ಮಾತನ್ನು ಕೇಳದೆ ನಮ್ಮ ಸೀಮೆಯಲ್ಲಿ ಯಾರೂ ಬೆಳೆಯುವುದಿಲ್ಲ. ವೀರರೆಂದು ಯಾರನ್ನು ಕರೆಯಬೇಕು ಎಂಬುದನ್ನು ಅವರು ಈಗ ಮೊಬೈಲ್ ಪರದೆಯಿಂದಲೂ ಕಲಿಯುತ್ತಿದ್ದಾರೆ. ಹೊಗಳಿಕೆಯನ್ನು ಓದುವ ಬಗೆಯನ್ನು ಶಾಲೆ ಕಲಿಸದಿದ್ದರೆ, ಕಲಿಸುವವರು ಬೇರೆ ಇದ್ದಾರೆ.

ಕಲಿಕಾ ಫಲಗಳು

ಈ ಪಾಠದ ನಂತರ ವಿದ್ಯಾರ್ಥಿಗಳು:
1. ಗುಣ ಮತ್ತು ಹೆಸರು ಎಂಬ ಎರಡು ಪರಿಕಲ್ಪನೆಗಳನ್ನು ಉದಾಹರಣೆಯೊಂದಿಗೆ ಬೇರ್ಪಡಿಸುವರು.
2. ವೀರಗಲ್ಲಿನ ಮೂರು ಹಂತಗಳನ್ನು ಗುರುತಿಸಿ ಅವುಗಳ ಅರ್ಥ ಹೇಳುವರು.
3. ಒಂದು ಹೊಗಳಿಕೆಯನ್ನು ಯಾರು, ಯಾರಿಗಾಗಿ, ಯಾವಾಗ ಬರೆದರು ಎಂದು ಕೇಳುವರು.
4. ಗ್ರೀಕ್ ಸೇನಾನಿಗಳ ನಡೆಯನ್ನು ಹೋಲಿಸಿ, ಕಾರಣ ಕೊಟ್ಟು ತಮ್ಮ ಅಭಿಪ್ರಾಯ ಹೇಳುವರು.
5. ತಮ್ಮ ಊರಿನ ಒಂದು ಸ್ಮಾರಕಕ್ಕೆ ಇದೇ ಪ್ರಶ್ನೆಗಳನ್ನು ಅನ್ವಯಿಸುವರು.

ಪೂರ್ವಜ್ಞಾನ: ಶಾಸನ, ವೀರಗಲ್ಲು ಎಂಬ ಪದಗಳ ಪರಿಚಯ, ಗ್ರೀಸಿನ ನಗರರಾಜ್ಯಗಳ ಹೆಸರು.

ಬೋಧನೋಪಕರಣಗಳು: ವೀರಗಲ್ಲಿನ ದೊಡ್ಡ ಚಿತ್ರ, ಖಾಲಿ ಬೀಜದ ಪೊಟ್ಟಣ, ಮೂವರು ಸೇನಾನಿಗಳ ವಿವರವಿರುವ ಕಾರ್ಡುಗಳು, ಗ್ರೀಸ್ ಮತ್ತು ಪಶ್ಚಿಮ ಏಷ್ಯಾದ ಭೂಪಟ.

ಬೋಧಕರು ತಿಳಿದಿರಬೇಕಾದ ವಿಷಯಾಂಶ

ಎರಡು ಗ್ರೀಕ್ ಪದಗಳು. ಗ್ರೀಕರು ಗುಣಕ್ಕೆ 'ಅರೆಟೆ' ಎನ್ನುತ್ತಿದ್ದರು. ಇದು ಬರಿಯ ನೀತಿವಂತಿಕೆಯಲ್ಲ. ಯಾವುದೇ ವಸ್ತು ಅಥವಾ ವ್ಯಕ್ತಿ ತನ್ನ ಕೆಲಸದಲ್ಲಿ ತೋರುವ ಹಿರಿಮೆ ಅದು. ಚೆನ್ನಾಗಿ ಓಡುವ ಕುದುರೆಗೂ ಅರೆಟೆ ಇದೆ. ಕೀರ್ತಿಗೆ ಅವರ ಹಳೆಯ ಪದ 'ಕ್ಲಿಯೋಸ್'. ಕೇಳುವುದು ಎಂಬ ಅರ್ಥದ ಧಾತುವಿಗೆ ಅದು ಸಂಬಂಧಿಸಿದೆ. ಅಂದರೆ ನಿನ್ನ ಬಗ್ಗೆ ಬೇರೆಯವರ ಬಾಯಲ್ಲಿ ಕೇಳಿಬರುವುದೇ ಕ್ಲಿಯೋಸ್. ಅರೆಟೆ ನಮ್ಮ ಕೈಯಲ್ಲಿದೆ, ಕ್ಲಿಯೋಸ್ ಬೇರೆಯವರ ಬಾಯಲ್ಲಿದೆ. ಇಡೀ ಪಾಠ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ. ತರಗತಿಯಲ್ಲಿ ಗ್ರೀಕ್ ಪದಗಳನ್ನು ಬಾಯಿಪಾಠ ಮಾಡಿಸಬೇಕಿಲ್ಲ. 'ಗುಣ', 'ಹೆಸರು' ಎಂದರೆ ಸಾಕು.

ವೀರಗಲ್ಲು. ಸಾಮಾನ್ಯವಾಗಿ ವೀರಗಲ್ಲಿನಲ್ಲಿ ಮೂರು ಹಂತಗಳಿರುತ್ತವೆ. ಕೆಳಗೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುವ ದೃಶ್ಯ, ಮೇಲೆ ಅವನು ದೇವರ ಸನ್ನಿಧಿಯಲ್ಲಿರುವ ದೃಶ್ಯ. ತುದಿಯಲ್ಲಿ ಸೂರ್ಯ ಚಂದ್ರರು: ಅವರಿರುವ ತನಕ ಈ ಹೆಸರು ಇರಲಿ ಎಂಬುದು ಸಂಕೇತ. ತುರುಗಳನ್ನು ಕದ್ದೊಯ್ದವರನ್ನು ಬೆನ್ನಟ್ಟಿ ಸತ್ತವರು, ಊರಿನ ಮೇಲೆ ದಾಳಿಯಾದಾಗ ಸತ್ತವರು, ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತವರು, ಒಡೆಯನ ಯುದ್ಧದಲ್ಲಿ ಸತ್ತವರು, ಎಲ್ಲರಿಗೂ ಕಲ್ಲುಗಳಿವೆ. ಗುಣವೆಂದು ಏನನ್ನು ಎಣಿಸಿದ್ದರು ಎಂಬುದನ್ನು ಕಲ್ಲುಗಳೇ ಹೇಳುತ್ತವೆ. ಒಡೆಯನ ಜೋಳ ಉಂಡ ಋಣವನ್ನು ಪ್ರಾಣ ಕೊಟ್ಟು ತೀರಿಸುವುದು ಜೋಳವಾಳಿ. ಒಡೆಯನ ಆಪತ್ಕಾಲದಲ್ಲಿ ಜೊತೆ ಬಿಡೆನೆಂಬ ಪ್ರತಿಜ್ಞೆ ವೇಳೆವಾಳಿ. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಮತ್ತು ಆರ್. ಶೇಷಶಾಸ್ತ್ರಿಯವರ 'ಕರ್ನಾಟಕದ ವೀರಗಲ್ಲುಗಳು' ಇವನ್ನು ಓದಲು ಒಳ್ಳೆಯ ದಾರಿ.

ಹಾನಗಲ್ಲಿನ ಮುತ್ತಿಗೆ. ನಮ್ಮ ಜಿಲ್ಲೆಯದೇ ಉದಾಹರಣೆ ಬೇಕೆಂದರೆ ಹಾನಗಲ್ಲಿಗೆ ಹೋಗಬೇಕು. 1196ರಲ್ಲಿ ಹೊಯ್ಸಳ ಎರಡನೇ ಬಲ್ಲಾಳನು ಹಾನಗಲ್ಲಿನ ಆನೆಕೆರೆಯ ಬಳಿ ಬೀಡು ಬಿಟ್ಟು ಊರಿಗೆ ಮುತ್ತಿಗೆ ಹಾಕಿದನು. ಆಗ ಅಲ್ಲಿ ಕದಂಬರ ಕಾಮದೇವ ಆಳುತ್ತಿದ್ದನು. ಅವನ ಸೇನಾನಿ ಸೋಹಣಿ ಮತ್ತು ಸೋಹಣಿಯ ಮಗ ಎದುರು ನಿಂತರು. ಸೋಹಣಿ ಆ ಹೋರಾಟದಲ್ಲಿ ಸತ್ತನು, ಹೊಯ್ಸಳ ಸೈನ್ಯ ಆಗ ಹಿಂದೆ ಸರಿಯಿತು. ಇದನ್ನು ನಮಗೆ ತಿಳಿಸುವುದು ಹಾನಗಲ್ಲಿನ ಒಂದು ವೀರಗಲ್ಲು. ಬಲ್ಲಾಳನು ಮುಂದೆ ಈ ಸೀಮೆಯ ಮೇಲೆ ತನ್ನ ಹಿಡಿತವನ್ನು ಬಲಪಡಿಸಿಕೊಂಡನು. ಆದರೆ ವೀರಗಲ್ಲಿಗೆ ಆ ಮುಂದಿನ ಕಥೆ ಬೇಕಿಲ್ಲ. ಅದು ಒಂದು ದಿನದ, ಒಬ್ಬ ಸೇನಾನಿಯ ನಡೆಯನ್ನು ಹಿಡಿದಿಟ್ಟಿದೆ. ಹೊಯ್ಸಳರ ಕಡೆಯ ಹೊಗಳಿಕೆಗಳಲ್ಲಿ ಬಲ್ಲಾಳನೇ ವೀರ. ಇಲ್ಲಿ ಸೋಹಣಿ ವೀರ. ಸುಳ್ಳು ಯಾವುದು ಎಂದು ಹುಡುಕುವುದಕ್ಕಿಂತ, ಹೊಗಳಿಕೆಗೆ ಯಾವಾಗಲೂ ಒಂದು ಕಡೆ ಇರುತ್ತದೆ ಎಂದು ತಿಳಿಯುವುದು ಇಲ್ಲಿನ ಪಾಠ.

ಬಂಕೇಯನ ಊರು. ಬಂಕಾಪುರಕ್ಕೆ ಆ ಹೆಸರು ಬಂದದ್ದು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಸೇನಾನಿ ಬಂಕೇಯನಿಂದ. ಅವನು ಕಟ್ಟಿಸಿದ ಬಸದಿಗೆ ಅರಸನು ದತ್ತಿ ಕೊಟ್ಟುದನ್ನೂ ಅವನ ಶೌರ್ಯವನ್ನೂ ಕೊಣ್ಣೂರಿನ ಶಾಸನ ವಿವರವಾಗಿ ಹೇಳುತ್ತದೆ. ಅದರಲ್ಲಿರುವ ಕಾಲ ಶಕ 782, ಅಂದರೆ ಕ್ರಿ.ಶ. 860. ಆದರೆ ಈಗ ಇರುವ ಕಲ್ಲು ಆ ವರ್ಷದ್ದಲ್ಲ. ತಾಮ್ರಪಟದಲ್ಲಿದ್ದುದನ್ನು ಬಹಳ ಕಾಲದ ನಂತರ ಕಲ್ಲಿಗೆ ಏರಿಸಿದ ಪ್ರತಿ ಎಂದು ಅದೇ ಹೇಳುತ್ತದೆ. ಹೆಸರು ಕೈಯಿಂದ ಕೈಗೆ ದಾಟಿ ಬರುವ ವಸ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಮೂವರು ಗ್ರೀಕ್ ಸೇನಾನಿಗಳು. ಕ್ರಿ.ಪೂ. 401ರಲ್ಲಿ ಪರ್ಷಿಯಾದ ರಾಜಕುಮಾರ ಕಿರಿಯ ಸೈರಸ್ ತನ್ನ ಅಣ್ಣನ ಮೇಲೆ ದಂಡೆತ್ತಿ ಹೋದಾಗ ಸುಮಾರು ಹತ್ತು ಸಾವಿರ ಗ್ರೀಕ್ ಕೂಲಿ ಸೈನಿಕರು ಅವನ ಜೊತೆಗಿದ್ದರು. ಕುನಾಕ್ಸಾ ಎಂಬಲ್ಲಿ ಸೈರಸ್ ಸತ್ತನು. ಆಮೇಲೆ ಪರ್ಷಿಯಾದ ಅಧಿಕಾರಿ ಟಿಸಾಫರ್ನಿಸ್ ಮಾತುಕತೆಗೆಂದು ಗ್ರೀಕ್ ಸೇನಾನಿಗಳನ್ನು ಕರೆಸಿ, ಮೋಸದಿಂದ ಹಿಡಿದನು. ಉಳಿದ ಸೈನಿಕರನ್ನು ಊರಿಗೆ ಮುಟ್ಟಿಸಿದ ನಾಯಕರಲ್ಲಿ ಅಥೆನ್ಸಿನ ಕ್ಸೆನೋಫನ್ ಒಬ್ಬ. ಅವನು ಬರೆದ 'ಅನಾಬಾಸಿಸ್' ಕೃತಿಯಲ್ಲಿ ಹೀಗೆ ಸೆರೆಯಾಗಿ ಸತ್ತ ಸೇನಾನಿಗಳ ಗುಣಚಿತ್ರಗಳಿವೆ. ಅವುಗಳಲ್ಲಿ ಮೂರು ನಮ್ಮ ಪಾಠಕ್ಕೆ ಬೇಕು.

ಕ್ಲಿಯಾರ್ಕಸ್ ಸ್ಪಾರ್ಟಾದವನು, ಯುದ್ಧವನ್ನೇ ಪ್ರೀತಿಸಿದವನು. ಸೈನಿಕನು ಶತ್ರುವಿಗಿಂತ ತನ್ನ ಸೇನಾನಿಗೆ ಹೆಚ್ಚು ಹೆದರಬೇಕು ಎಂಬುದು ಅವನ ನಂಬಿಕೆ. ಕಠಿಣವಾಗಿ ಶಿಕ್ಷಿಸುತ್ತಿದ್ದನು, ಕೆಲವೊಮ್ಮೆ ಸಿಟ್ಟಿನಲ್ಲಿ ಶಿಕ್ಷಿಸಿ ಆಮೇಲೆ ತಾನೇ ಪರಿತಪಿಸುತ್ತಿದ್ದನು. ಅಪಾಯ ಎದುರಾದಾಗ ಎಲ್ಲರಿಗೂ ಅವನೇ ಬೇಕು. ಅಪಾಯ ಕಳೆದ ಮೇಲೆ ಅವನನ್ನು ಬಿಟ್ಟು ಬೇರೆಯವರ ಬಳಿ ಹೋಗುವವರೇ ಹೆಚ್ಚು. ಮಕ್ಕಳಿಗೆ ಶಾಲಾ ಶಿಕ್ಷಕರ ಬಗ್ಗೆ ಇರುವಂಥ ಭಾವನೆಯೇ ಸೈನಿಕರಿಗೆ ಅವನ ಬಗ್ಗೆ ಇತ್ತು ಎಂದು ಕ್ಸೆನೋಫನ್ ಬರೆಯುತ್ತಾನೆ.

ಪ್ರಾಕ್ಸೆನಸ್ ಕ್ಸೆನೋಫನ್ನನ ಗೆಳೆಯ. ದೊಡ್ಡ ಹೆಸರು, ಅಧಿಕಾರ, ಹಣ ಮೂರೂ ಬೇಕೆಂದು ಬಂದವನು. ಆದರೆ ಅನ್ಯಾಯದಿಂದ ಬರುವುದಾದರೆ ಬೇಡ ಎನ್ನುವವನು. ಒಳ್ಳೆಯದನ್ನು ಮಾಡಿದವನನ್ನು ಹೊಗಳುವುದು, ಕೆಟ್ಟದ್ದನ್ನು ಮಾಡಿದವನನ್ನು ಹೊಗಳದೆ ಇರುವುದು, ಇಷ್ಟೇ ನಾಯಕತ್ವಕ್ಕೆ ಸಾಕು ಎಂದುಕೊಂಡಿದ್ದನು. ಸಜ್ಜನರು ಅವನನ್ನು ಪ್ರೀತಿಸಿದರು. ಉಳಿದವರು ಇವನು ಸುಲಭದ ತುತ್ತು ಎಂದು ಲೆಕ್ಕ ಹಾಕಿದರು. ಸೈನಿಕರು ಅವನಿಗೆ ಹೆದರುವುದಕ್ಕಿಂತ, ಸೈನಿಕರಿಗೆ ಬೇಡವಾದೇನೋ ಎಂದು ಅವನೇ ಹೆದರುತ್ತಿದ್ದನು.

ಮೆನೋನ್ ಥೆಸಲಿಯವನು. ಹಣಕ್ಕಾಗಿ ಅಧಿಕಾರ, ಹಣಕ್ಕಾಗಿಯೇ ಗೌರವ. ಸುಳ್ಳು, ವಂಚನೆಗಳೇ ಗುರಿಗೆ ಹತ್ತಿರದ ದಾರಿ. ಸತ್ಯವಂತರು ಪೆದ್ದರು ಎಂಬುದು ಅವನ ಎಣಿಕೆ.

ಇಲ್ಲಿ ಬೋಧಕರು ಎರಡು ಸಂಗತಿಗಳನ್ನು ನೆನಪಿಡಬೇಕು. ಒಂದು, ಪ್ರಾಕ್ಸೆನಸ್ ಬರೆದವನ ಗೆಳೆಯ. ಅವನ ಕರೆಯ ಮೇಲೆಯೇ ಕ್ಸೆನೋಫನ್ ಸೈನ್ಯ ಸೇರಿದ್ದನು. ಎರಡು, ಇದೇ ಮೆನೋನನ ಹೆಸರಿನಲ್ಲಿ ಪ್ಲೇಟೋ ಬರೆದ ಒಂದು ಸಂವಾದವಿದೆ. ಅದು ಶುರುವಾಗುವುದೇ ಮೆನೋನ್ ಸಾಕ್ರೆಟಿಸನಿಗೆ ಕೇಳುವ ಪ್ರಶ್ನೆಯಿಂದ: ಗುಣವನ್ನು ಕಲಿಸಲು ಸಾಧ್ಯವೇ? ಒಬ್ಬನೇ ವ್ಯಕ್ತಿ ಒಂದು ಪುಸ್ತಕದಲ್ಲಿ ವಂಚಕ, ಇನ್ನೊಂದರಲ್ಲಿ ಶಿಕ್ಷಣಶಾಸ್ತ್ರದ ಅತಿ ಹಳೆಯ ಪ್ರಶ್ನೆಯನ್ನು ಎತ್ತಿದ ಯುವಕ.

ನಿಸಿಯಾಸ್: ಹೆಸರಿಗೆ ಹೆದರಿದವನು. ಕ್ರಿ.ಪೂ. 413ರಲ್ಲಿ ಅಥೆನ್ಸಿನ ಸೈನ್ಯ ಸಿಸಿಲಿಯ ಸಿರಕ್ಯೂಸ್ ಎದುರು ಸೋಲುತ್ತಿತ್ತು. ಇನ್ನೊಬ್ಬ ಸೇನಾನಿ ಡೆಮಾಸ್ತನೀಸ್ ಕೂಡಲೇ ಹಿಂದಿರುಗೋಣ ಎಂದನು. ನಿಸಿಯಾಸ್ ಒಪ್ಪಲಿಲ್ಲ. ಊರಿಗೆ ಹೋದರೆ ಇವೇ ಸೈನಿಕರು ತಮ್ಮ ಸೇನಾನಿ ಲಂಚ ತಿಂದು ಹಿಂದಿರುಗಿದನೆಂದು ಆರೋಪಿಸುವರು. ಹಾಗೆ ಅವಮಾನದಿಂದ ಸಾಯುವುದಕ್ಕಿಂತ ಶತ್ರುವಿನ ಕೈಯಲ್ಲಿ ಸಾಯುವುದು ಲೇಸು ಎಂಬುದು ಅವನ ವಾದವೆಂದು ಇತಿಹಾಸಕಾರ ಥುಸಿಡೈಡಿಸ್ ದಾಖಲಿಸುತ್ತಾನೆ. ಕೊನೆಗೆ ಹೊರಡಲು ಒಪ್ಪಿದಾಗ ಚಂದ್ರಗ್ರಹಣವಾಯಿತು. ಜೋಯಿಸರ ಮಾತಿನಂತೆ ಇನ್ನೂ 27 ದಿನ ಕಾಯಬೇಕೆಂದನು. ಸೈನ್ಯ ನಾಶವಾಯಿತು. 7,000ಕ್ಕೆ ಕಡಿಮೆಯಿಲ್ಲದಷ್ಟು ಜನ ಸೆರೆಸಿಕ್ಕು ಕಲ್ಲುಗಣಿಗಳಲ್ಲಿ ಬಿದ್ದರು. ನಿಸಿಯಾಸನನ್ನೂ ಕೊಂದರು. ಅಷ್ಟಾದರೂ, ಜೀವನವಿಡೀ ಸದ್ಗುಣದಲ್ಲಿ ನಡೆದ ಅವನಿಗೆ ಇಂಥ ಅಂತ್ಯ ಬರಬಾರದಿತ್ತು ಎಂದು ಥುಸಿಡೈಡಿಸ್ ಹೇಳುತ್ತಾನೆ. ಸಜ್ಜನನೊಬ್ಬ ತನ್ನ ಹೆಸರಿನ ಚಿಂತೆಯಲ್ಲಿ ಸಾವಿರಾರು ಜನರ ಪ್ರಾಣವನ್ನು ಪಣಕ್ಕಿಟ್ಟ ಪ್ರಸಂಗವಿದು.

ಅವನ ಹೆದರಿಕೆ ಪೂರ್ತಿ ಸುಳ್ಳಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಏಳು ವರ್ಷಗಳ ನಂತರ, ಕ್ರಿ.ಪೂ. 406ರಲ್ಲಿ, ಆರ್ಗಿನೂಸೆಯ ನೌಕಾಯುದ್ಧವನ್ನು ಗೆದ್ದ ಸೇನಾನಿಗಳನ್ನೇ ಅಥೆನ್ಸಿನ ಜನಸಭೆ ವಿಚಾರಣೆಗೆ ಗುರಿ ಮಾಡಿತು. ಬಿರುಗಾಳಿಯಲ್ಲಿ ಮುಳುಗುತ್ತಿದ್ದ ತಮ್ಮವರನ್ನು ಎತ್ತಿಕೊಂಡು ಬರಲಿಲ್ಲ ಎಂಬುದು ಆರೋಪ. ಎಂಟು ಜನರಿಗೆ ಮರಣದಂಡನೆ ವಿಧಿಸಿ, ಕೈಗೆ ಸಿಕ್ಕ ಆರು ಜನರನ್ನು ಕೊಂದರು. ಎಲ್ಲರನ್ನೂ ಒಟ್ಟಿಗೆ ವಿಚಾರಿಸುವುದು ಕಾನೂನಿಗೆ ವಿರುದ್ಧವೆಂದು ಸಾಕ್ರೆಟಿಸ್ ವಿರೋಧಿಸಿದನು. ಆಮೇಲೆ ಅಥೆನ್ಸಿನ ಜನರೇ ಪರಿತಪಿಸಿದರು. ಹೆಸರು ಕೊಡುವವರೂ ತಪ್ಪಬಹುದು.

ಮೊದಲ ಅವಧಿ

ತೊಡಗಿಸಿಕೊಳ್ಳುವಿಕೆ (8 ನಿಮಿಷ). ಖಾಲಿ ಬೀಜದ ಪೊಟ್ಟಣ ತೋರಿಸಿ. ರಾಣೆಬೆನ್ನೂರು ಸೀಮೆಯ ಮಕ್ಕಳಿಗೆ ಬೀಜೋತ್ಪಾದನೆ ಮನೆಯ ಮಾತು. 'ಪೊಟ್ಟಣದ ಮ್ಯಾಲಿನ ಚಿತ್ರ ಚಂದ ಐತಿ. ಬೀಜ ಚಲೋ ಐತೋ ಇಲ್ಲೋ ಯಾವಾಗ ಗೊತ್ತಾಗತೈತಿ?' ಎಂದು ಕೇಳಿ. 'ಬಿತ್ತಿದ ಮ್ಯಾಲ್ರಿ ಸರ್, ಮೊಳಕಿ ಬಂದ ಮ್ಯಾಲೆ' ಎಂಬ ಉತ್ತರ ಬರುತ್ತದೆ. ಕಪ್ಪುಹಲಗೆಯನ್ನು ಎರಡು ಭಾಗ ಮಾಡಿ: ಪೊಟ್ಟಣ = ಹೆಸರು, ಮೊಳಕೆ = ಗುಣ. ಬ್ಯಾಡಗಿ ಶಾಲೆಗಳಲ್ಲಿ ಮೆಣಸಿನಕಾಯಿಯಿಂದಲೇ ಶುರು ಮಾಡಬಹುದು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಬೇರೆ ಕಾಯಿಯನ್ನು ಬ್ಯಾಡಗಿ ಎಂದು ಮಾರಿದರೆ ಕೆಡುವುದು ಯಾರ ಹೆಸರು ಎಂದು ಕೇಳಿದರೆ ಚರ್ಚೆ ತಾನಾಗಿ ಏಳುತ್ತದೆ.

ಈ ಉದಾಹರಣೆ ಕ್ಸೆನೋಫನ್ನನಿಗೂ ಹೊಸದಲ್ಲ. ಅವನ 'ಸೈರೋಪೀಡಿಯಾ' ಕೃತಿಯಲ್ಲಿ ತಂದೆಯು ಮಗ ಸೈರಸನಿಗೆ ಹೇಳುವ ಬುದ್ಧಿಮಾತು ಹೀಗಿದೆ: ಬಲ್ಲವನೆಂದು ತೋರಬೇಕಾದರೆ ಹತ್ತಿರದ ದಾರಿ ನಿಜವಾಗಿ ಬಲ್ಲವನಾಗುವುದೇ. ಒಕ್ಕಲುತನ ಬಾರದವನು ಒಳ್ಳೆಯ ಒಕ್ಕಲಿಗನೆಂದು, ವೈದ್ಯ ಬಾರದವನು ವೈದ್ಯನೆಂದು ತೋರಿಸಿಕೊಂಡರೆ ಕೆಲಸ ಬಂದಾಗ ಬಯಲಾಗಿ ನಗೆಗೀಡಾಗುತ್ತಾನೆ. ದಂಡನಾಯಕನಾಗುವವನಿಗೆ ಹೇಳಿದ ಈ ಮಾತನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗಬಹುದು.

ಅನ್ವೇಷಣೆ (20 ನಿಮಿಷ). ನಾಲ್ಕು ಗುಂಪುಗಳಿಗೆ ವೀರಗಲ್ಲಿನ ಚಿತ್ರ ಕೊಡಿ. ಅರ್ಥ ಹೇಳಬೇಡಿ. ಮೊದಲು ಕಂಡದ್ದನ್ನಷ್ಟೇ ಪಟ್ಟಿ ಮಾಡಲಿ: ಎಷ್ಟು ಜನ, ಯಾರ ಕೈಯಲ್ಲಿ ಏನು, ಯಾರು ದೊಡ್ಡದಾಗಿದ್ದಾರೆ, ಯಾರು ಸಣ್ಣದಾಗಿದ್ದಾರೆ. ಆಮೇಲೆ ಈ ನಾಲ್ಕು ಪ್ರಶ್ನೆಗಳು:
1. ಈ ಕಲ್ಲನ್ನು ನಿಲ್ಲಿಸಿದವರು ಯಾರಿರಬಹುದು?
2. ವೀರನ ಯಾವ ಗುಣ ಅವರಿಗೆ ದೊಡ್ಡದಾಗಿ ಕಂಡಿತು?
3. ಇದನ್ನು ಯಾರು ನೋಡಲಿ ಎಂದು ನಿಲ್ಲಿಸಿದರು?
4. ಈ ಕಲ್ಲಿನಲ್ಲಿ ಯಾರು ಇಲ್ಲ?

ನಾಲ್ಕನೇ ಪ್ರಶ್ನೆಗೆ ಸಮಯ ಕೊಡಿ. ಎದುರಾಳಿಯ ಹೆಸರಿಲ್ಲ, ವೀರನ ತಾಯಿ ಇಲ್ಲ, ದನ ಕಾಯುತ್ತಿದ್ದವನಿಲ್ಲ. ಮಕ್ಕಳು ಇದನ್ನು ತಾವೇ ಹೇಳಬೇಕು. ಹಾವೇರಿಯ ಶಾಲೆಯವರು ಸಿದ್ಧೇಶ್ವರ ದೇವಾಲಯದ ಆವರಣಕ್ಕೆ, ರಾಣೆಬೆನ್ನೂರು ತಾಲ್ಲೂಕಿನವರು ಚೌಡಯ್ಯದಾನಪುರಕ್ಕೆ ಹೊರಸಂಚಾರ ಏರ್ಪಡಿಸಿದರೆ ಶಾಸನದ ಅಕ್ಷರಗಳನ್ನೇ ಕಣ್ಣಾರೆ ಕಾಣಬಹುದು.

ವಿವರಣೆ (12 ನಿಮಿಷ). ಮೂರು ಹಂತಗಳ ಅರ್ಥ, ಜೋಳವಾಳಿ, ಹಾನಗಲ್ಲಿನ ಸೋಹಣಿ. ಕೊನೆಯ ಪ್ರಶ್ನೆ: 'ಸೋಹಣಿ ಸತ್ತ, ಊರು ಆ ಸಲ ಉಳಿಯಿತು. ಮುಂದೆ ಬಲ್ಲಾಳನೇ ಬಲಗೊಂಡ. ಹಾಗಾದರೆ ಸೋಹಣಿ ಸೋತನೋ, ಗೆದ್ದನೋ?' ಇದಕ್ಕೆ ಉತ್ತರವನ್ನು ಕಪ್ಪುಹಲಗೆಯ ಮೇಲೆ ಬರೆಯಬೇಡಿ. ಮನೆಯಲ್ಲಿ ಐದು ವಾಕ್ಯ ಬರೆದು ತರಲಿ.

ಎರಡನೇ ಅವಧಿ

ಪುನರಾವಲೋಕನ (5 ನಿಮಿಷ). ಮೂರು ನಾಲ್ಕು ಮಕ್ಕಳು ತಮ್ಮ ಐದು ವಾಕ್ಯಗಳನ್ನು ಓದಲಿ. ಎರಡೂ ಕಡೆಯ ಅಭಿಪ್ರಾಯ ಬರುವಂತೆ ಆರಿಸಿ.

ಚಟುವಟಿಕೆ (15 ನಿಮಿಷ). ಭೂಪಟದಲ್ಲಿ ಹತ್ತು ಸಾವಿರ ಸೈನಿಕರ ದಾರಿಯನ್ನು ತೋರಿಸಿ, ಹೆಸರಿಲ್ಲದ ಮೂರು ಕಾರ್ಡುಗಳನ್ನು ಕೊಡಿ: ಒಂದನೆಯವನು, ಎರಡನೆಯವನು, ಮೂರನೆಯವನು. 'ನೀವು ಆ ಸೈನಿಕರು. ಊರು ಸಾವಿರಾರು ಮೈಲಿ ದೂರ. ಯಾರ ಹಿಂದೆ ಹೋಗುತ್ತೀರಿ?' ಹೆಚ್ಚಿನ ಮಕ್ಕಳು ಒಂದನೆಯವನಿಗೋ ಎರಡನೆಯವನಿಗೋ ಕೈ ಎತ್ತುತ್ತಾರೆ. ಆಗ ಪ್ರಶ್ನೆಯನ್ನು ಬದಲಿಸಿ: 'ಶತ್ರು ಇಲ್ಲದ ದಿನ ಯಾರ ಜೊತೆ ಇರುತ್ತೀರಿ?' ಕೈಗಳು ಬದಲಾಗುತ್ತವೆ. ಏಕೆ ಬದಲಾಯಿಸಿದಿರಿ ಎಂದು ಕೇಳಿದಾಗ ಬರುವ ಉತ್ತರಗಳೇ ಈ ಅವಧಿಯ ತಿರುಳು. ಅವನ್ನು ಮಕ್ಕಳ ಮಾತಿನಲ್ಲೇ ಕಪ್ಪುಹಲಗೆಯ ಮೇಲೆ ಬರೆಯಿರಿ. ನಂತರವೇ ಹೆಸರುಗಳನ್ನು ಹೇಳಿ; ಬರೆದವನು ಎರಡನೆಯವನ ಗೆಳೆಯನೆಂದೂ ಹೇಳಿ. 'ಹಂಗಾದ್ರ ಆಂವ ಗೆಳ್ಯಾನ ಪರ ಬರದಿರಬೇಕ್ರಿ' ಎಂದು ಒಬ್ಬರಾದರೂ ಅಂದರೆ ಮೂರನೇ ಕಲಿಕಾ ಫಲ ಸಾಧಿಸಿದಂತೆ. ಆದರೆ ಗೆಳೆಯನ ದೌರ್ಬಲ್ಯವನ್ನೂ ಅವನು ಮುಚ್ಚಿಡಲಿಲ್ಲ ಎಂಬುದನ್ನು ಕಾರ್ಡಿಗೆ ಮರಳಿ ಹೋಗಿ ತೋರಿಸಿ.

ಚರ್ಚೆ (10 ನಿಮಿಷ). ನಿಸಿಯಾಸನ ಪ್ರಸಂಗವನ್ನು ಕಥೆಯಾಗಿ ಹೇಳಿ, ಹಿಂದಿರುಗಬೇಕೋ ಬೇಡವೋ ಎಂಬಲ್ಲಿ ನಿಲ್ಲಿಸಿ. ಮಕ್ಕಳು ನಿರ್ಧರಿಸಲಿ, ಆಮೇಲೆ ಮುಂದಿನದನ್ನು ಹೇಳಿ. ಸೋಹಣಿಯೂ ಸತ್ತ, ನಿಸಿಯಾಸನೂ ಸತ್ತ. ವ್ಯತ್ಯಾಸ ಎಲ್ಲಿದೆ? ಸೋಹಣಿಯ ಹಿಂದೆ ಊರಿತ್ತು, ಅವನು ನಿಂತದ್ದರಿಂದ ಊರಿಗೆ ಆ ಹೊತ್ತಿಗೆ ಉಳಿವು ಸಿಕ್ಕಿತು. ನಿಸಿಯಾಸನು ನಿಂತದ್ದರಿಂದ ಅವನ ಸೈನಿಕರಿಗೆ ಏನೂ ಸಿಗಲಿಲ್ಲ. ಸಾವು ತಾನಾಗಿ ಗುಣವಲ್ಲ. ಅದು ಯಾರ ಸಲುವಾಗಿ ಎಂಬುದನ್ನು ಕೇಳಬೇಕು. ಈ ವಾಕ್ಯವನ್ನು ಮಕ್ಕಳೇ ತಲುಪುವವರೆಗೆ ಬೋಧಕರು ತಾಳ್ಮೆಯಿಂದಿರಬೇಕು.

ವಿಸ್ತರಣೆ (10 ನಿಮಿಷ). ಈಗ ಊರಿಗೆ ಮರಳೋಣ. ಹಾವೇರಿ ರೈಲು ನಿಲ್ದಾಣದ ಫಲಕದ ಮೇಲೆ ಮಹಾದೇವಪ್ಪ ಮೈಲಾರ ಎಂಬ ಹೆಸರಿದೆ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ 1911ರ ಜೂನ್ 8ರಂದು ಹುಟ್ಟಿದ ಅವರು 1930ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಸಾಬರಮತಿಯಿಂದ ಗಾಂಧೀಜಿಯವರೊಂದಿಗೆ ದಂಡಿಯವರೆಗೆ ನಡೆದರು. ಆ ತಂಡದಲ್ಲಿ ಕರ್ನಾಟಕದಿಂದ ಇದ್ದವರು ಅವರೊಬ್ಬರೇ. ಪತ್ನಿ ಸಿದ್ದಮ್ಮನವರೂ ಚಳವಳಿಯಲ್ಲಿ ತೊಡಗಿದ್ದರು. ಮಹಾದೇವಪ್ಪನವರು ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಭೂಗತರಾಗಿ ತಂಡ ಕಟ್ಟಿ ಹೋರಾಡಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಬ್ರಿಟಿಷ್ ಸರ್ಕಾರದ ಕಂದಾಯದ ಹಣವಿದ್ದ ಜಾಗದ ಮೇಲೆ ದಾಳಿ ಮಾಡಿದಾಗ ಪೊಲೀಸರ ಗುಂಡಿಗೆ ಬಲಿಯಾದರು.

ಇಷ್ಟನ್ನು ಹೇಳಿದ ಮೇಲೆ ಕೇಳಬೇಕಾದ ಪ್ರಶ್ನೆ: 'ಅವತ್ತು ಅಲ್ಲಿ ಪ್ರಾಣ ಕೊಟ್ಟವರು ಎಷ್ಟು ಜನ?' ಮೂವರು. ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರ ಜೊತೆಯಲ್ಲೇ ಹುತಾತ್ಮರಾದರು. ನಿಲ್ದಾಣದ ಫಲಕದಲ್ಲಿ ಒಂದೇ ಹೆಸರಿಗೆ ಜಾಗವಿದೆ. ಇದು ಮಹಾದೇವಪ್ಪನವರ ಹೆಸರನ್ನು ಕಡಿಮೆ ಮಾಡುವ ಮಾತಲ್ಲ. ಹೆಸರು ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ, ಗುಣ ಮಾತ್ರ ಮೂವರಲ್ಲೂ ಇತ್ತು ಎಂದು ಕಾಣಿಸುವ ಮಾತು. ಮೂರೂ ಹೆಸರುಗಳನ್ನು ಮಕ್ಕಳು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಲಿ.

ಕನ್ನಡ ವಿಷಯದೊಂದಿಗೆ ಸಂಯೋಜನೆ

ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಹೆಸರಿನೊಂದಿಗೇ ಕನಕದಾಸರ ಹೆಸರು ಬರುತ್ತದೆ. ಅವರು ಮೊದಲು ದಂಡನಾಯಕರಾಗಿದ್ದು, ಯುದ್ಧವನ್ನು ಬಿಟ್ಟು ಹರಿದಾಸರಾದರೆಂಬುದು ಪರಂಪರೆಯ ನಂಬಿಕೆ. ಅವರ 'ರಾಮಧಾನ್ಯ ಚರಿತೆ'ಯಲ್ಲಿ ಭತ್ತಕ್ಕೂ ರಾಗಿಗೂ ಯಾರು ಹೆಚ್ಚೆಂಬ ಜಗಳ. ಭತ್ತಕ್ಕೆ ಹೆಸರಿದೆ, ಸಿರಿವಂತರ ಮನ್ನಣೆಯಿದೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಸೆರೆಯಿಂದ ಹೊರಬರುವಾಗ ಭತ್ತ ಸತ್ತ್ವಗುಂದಿದೆ, ರಾಗಿ ಗಟ್ಟಿಯಾಗಿದೆ. ಹೆಸರನ್ನು ಕಾಲದ ಸೆರೆಯಲ್ಲಿಟ್ಟು ಗುಣವನ್ನು ಪರೀಕ್ಷಿಸುವ ಈ ಕಥೆಯನ್ನು ಭಾಷಾ ಶಿಕ್ಷಕರ ಜೊತೆ ಮಾತಾಡಿ ಅದೇ ವಾರ ತರಗತಿಗೆ ತರಬಹುದು. ಸೇನಾನಿಗಳಿಗಷ್ಟೇ ಈ ಪ್ರಶ್ನೆ ಅಂಟಿಕೊಂಡಿಲ್ಲ ಎಂಬುದೂ ಆಗ ಮಕ್ಕಳಿಗೆ ತಿಳಿಯುತ್ತದೆ.

ಪ್ರಶಿಕ್ಷಣಾರ್ಥಿಗಳು ಗಮನಿಸಬೇಕಾದವು

1. ವೀರಗಲ್ಲನ್ನು ಪ್ರಶ್ನಿಸುವುದೆಂದರೆ ವೀರನನ್ನು ಹೀಗಳೆಯುವುದಲ್ಲ. ಹಲವು ಊರುಗಳಲ್ಲಿ ಈ ಕಲ್ಲುಗಳಿಗೆ ಪೂಜೆ ಸಲ್ಲುತ್ತದೆ. ತರಗತಿಯಲ್ಲಿರುವ ಮಗುವಿನ ಮನೆಯವರೇ ಪೂಜಿಸುತ್ತಿರಬಹುದು. ಗೌರವ ಉಳಿಸಿಕೊಂಡೇ ಪ್ರಶ್ನೆ ಕೇಳಿ.
2. 'ನಮ್ಮವರು ಹೆಚ್ಚೋ, ಗ್ರೀಕರು ಹೆಚ್ಚೋ' ಎಂಬ ದಿಕ್ಕಿಗೆ ಚರ್ಚೆ ಹೋದರೆ ತಡೆಯಿರಿ. ಹೋಲಿಕೆಯ ಉದ್ದೇಶ ತೂಕ ಹಾಕುವುದಲ್ಲ, ಪ್ರಶ್ನೆಯನ್ನು ಹರಿತಗೊಳಿಸುವುದು.
3. ಒಡೆಯನಿಗಾಗಿ ಸಾಯುವುದೇ ಅತಿ ದೊಡ್ಡ ಗುಣವೇ ಎಂದು ಮಗು ಕೇಳಿದರೆ ಹಾರಿಸಿಬಿಡಬೇಡಿ. ಜೋಳವಾಳಿ ಆ ಕಾಲದ ಅನ್ನದ ಋಣಕ್ಕೆ ಸೇರಿದ ಮೌಲ್ಯ. ಒಡೆಯನು ಅನ್ಯಾಯ ಮಾಡುತ್ತಿದ್ದರೆ ಏನು ಮಾಡಬೇಕಿತ್ತು ಎಂಬ ಪ್ರಶ್ನೆಗೆ ಜಾಗ ಕೊಡಿ. ಪಂಪನು ಸೋತ ಕಡೆಯ ಕರ್ಣನನ್ನು ಹೇಗೆ ಮೆಚ್ಚಿದ ಎಂಬುದನ್ನು ಇಲ್ಲಿ ನೆನಪಿಸಬಹುದು.
4. ಇಸವಿಗಳನ್ನು ಕಪ್ಪುಹಲಗೆಯ ಒಂದು ಮೂಲೆಯಲ್ಲಿ ಕಾಲರೇಖೆಯಾಗಿ ಬರೆಯಿರಿ. ಕ್ರಿ.ಪೂ. 413 ಮೊದಲು, 401 ಆಮೇಲೆ ಎಂಬಲ್ಲಿ ಮಕ್ಕಳು ಗೊಂದಲಗೊಳ್ಳುತ್ತಾರೆ.

ಮೌಲ್ಯಮಾಪನ

ಸ್ಮರಣೆ: ವೀರಗಲ್ಲಿನ ಮೂರು ಹಂತಗಳು ಯಾವುವು? (2 ಅಂಕ)
ಗ್ರಹಿಕೆ: ಹೆಸರಿಗೂ ಗುಣಕ್ಕೂ ಇರುವ ವ್ಯತ್ಯಾಸವನ್ನು ಇಬ್ಬರು ಸೇನಾನಿಗಳ ಉದಾಹರಣೆಯಿಂದ ವಿವರಿಸಿ. (3 ಅಂಕ)
ಅನ್ವಯ: ನಿಮ್ಮ ಊರಿನ ಒಂದು ಸ್ಮಾರಕ, ಕಲ್ಲು ಅಥವಾ ನಾಮಫಲಕವನ್ನು ಆರಿಸಿ. ಅದನ್ನು ಯಾರು, ಯಾರ ನೆನಪಿಗೆ, ಯಾವ ಗುಣಕ್ಕಾಗಿ ನಿಲ್ಲಿಸಿದರು, ಯಾರ ಹೆಸರು ಅದರಲ್ಲಿಲ್ಲ ಎಂದು ಹಿರಿಯರನ್ನು ಕೇಳಿ ಒಂದು ಪುಟ ಬರೆಯಿರಿ. (5 ಅಂಕ)

ಅನ್ವಯ ಪ್ರಶ್ನೆಗೆ ಅಂಕ ಕೊಡುವಾಗ ಮಾಹಿತಿಯ ಪ್ರಮಾಣಕ್ಕಿಂತ ಪ್ರಶ್ನೆ ಕೇಳಿದ ಬಗೆಯನ್ನು ನೋಡಿ. ಅಜ್ಜಿ ಹೇಳಿದ್ದಕ್ಕೂ ಫಲಕದಲ್ಲಿರುವುದಕ್ಕೂ ವ್ಯತ್ಯಾಸವಿದೆ ಎಂದು ಬರೆದ ಮಗುವಿಗೆ ಪೂರ್ಣ ಅಂಕ ಸಲ್ಲಬೇಕು.

ಬೋಧಕರಾಗುವವರಿಗೆ ಕೊನೆಯ ಮಾತು

ಕ್ಲಿಯಾರ್ಕಸನನ್ನು ವರ್ಣಿಸಲು ಕ್ಸೆನೋಫನ್ನನಿಗೆ ಸಿಕ್ಕ ಹೋಲಿಕೆ ಶಿಕ್ಷಕನದು. ಎರಡು ಸಾವಿರದ ನಾಲ್ಕುನೂರು ವರ್ಷಗಳ ಹಿಂದಿನ ಆ ಮಾತು ನಮ್ಮ ವೃತ್ತಿಗೆ ಹಿತವಾದುದಲ್ಲ. ಅಭ್ಯಾಸ ಬೋಧನೆಯಲ್ಲಿ ಮೂವರೂ ಸೇನಾನಿಗಳು ಎದುರಾಗುತ್ತಾರೆ. ತರಗತಿ ಹಿಡಿತದಲ್ಲಿರಲೆಂದು ಹೆದರಿಸುವವರಿದ್ದಾರೆ. ಮಕ್ಕಳಿಗೆ ಬೇಡವಾದೇನೋ ಎಂದು ತಪ್ಪನ್ನೂ ತಿದ್ದದವರಿದ್ದಾರೆ. ಹಿಂದಿನ ಬೆಂಚಿನಲ್ಲಿ ಮೇಲ್ವಿಚಾರಕರು ಕೂತ ದಿನ ಮಾತ್ರ ಚಾರ್ಟು, ಚಟುವಟಿಕೆ, ಮುಗುಳ್ನಗೆ ತರುವವರೂ ಇದ್ದಾರೆ. ವೀಕ್ಷಣಾ ಪುಸ್ತಕದಲ್ಲಿ ಬರುವ ಷರಾ ನಮ್ಮ ಕ್ಲಿಯೋಸ್. ಮೇಲ್ವಿಚಾರಕರು ಬಾರದ ದಿನ ಮೂರನೇ ಸಾಲಿನ ಕೊನೆಯಲ್ಲಿ ಕೂತ ಮಗುವಿಗೆ ಪಾಠ ಮುಟ್ಟಿತೇ ಎಂಬುದು ನಮ್ಮ ಅರೆಟೆ.

ಮೇಲ್ವಿಚಾರಕ ಉಪನ್ಯಾಸಕರಿಗೂ ಇದರಲ್ಲಿ ಒಂದು ಕೆಲಸವಿದೆ. ಹೆಸರು ಕೊಡುವ ಕೈ ನಮ್ಮದು. ಪಾಠ ಯೋಜನೆಯ ಅಂದವನ್ನು ನೋಡಿ ಅಂಕ ಕೊಟ್ಟರೆ ಪ್ರಶಿಕ್ಷಣಾರ್ಥಿಗಳು ಪೊಟ್ಟಣವನ್ನೇ ಚಂದ ಮಾಡುತ್ತಾರೆ. ಪಾಠ ಮುಗಿದ ಮೇಲೆ ಮಕ್ಕಳ ಐದು ವಾಕ್ಯಗಳನ್ನು ತರಿಸಿ ಓದಿ, ಅದರ ಮೇಲೆ ಚರ್ಚಿಸಿದರೆ ಮೊಳಕೆ ಎಣಿಸಿದಂತೆ. ಈ ಪಾಠವನ್ನು ಬೋಧಿಸುವವರು ಆ ಐದು ವಾಕ್ಯಗಳಲ್ಲಿ ಮೂರು ನಾಲ್ಕನ್ನಾದರೂ ತಮ್ಮ ಪಾಠ ವರದಿಗೆ ಲಗತ್ತಿಸಬೇಕೆಂದು ಸೂಚಿಸುತ್ತೇವೆ. ಸೋಹಣಿ ಸೋತನೋ ಗೆದ್ದನೋ ಎಂಬುದಕ್ಕೆ ಮಕ್ಕಳು ಕೊಡುವ ಕಾರಣಗಳನ್ನು ಓದಿದಾಗ ಪಾಠ ಎಲ್ಲಿಯವರೆಗೆ ಹೋಗಿದೆ ಎಂಬುದು ತಿಳಿಯುತ್ತದೆ.